ವರವೂ ಕಟ್ಟಳೆಯೂ: ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟದ ಪುರೋಹಿತನ ಸುತ್ತ ಬೆಳೆದ ಮನೆನಿಯಮಗಳು

1974ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ಸಂಸ್ಥಾನದ ಲೇಕ್ ಜಿನೀವಾ ಎಂಬ ಸಣ್ಣ ಊರಿನಿಂದ, ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರ ಹೆಸರಿನಲ್ಲಿ ಹೊರಬಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟದ ಮೂರು ಕಿರುಹೊತ್ತಗೆಗಳಲ್ಲಿ, ಮೇಜಿನ ಸುತ್ತ ಕುಳಿತವರು ತಮಗಾಗಿ ಆರಿಸಿಕೊಳ್ಳಬಹುದಾಗಿದ್ದ ಪಾತ್ರವರ್ಗಗಳು ಮೂರೇ ಮೂರು: ಆಯುಧವನ್ನು ನಂಬಿದ ಯೋಧ, ಗ್ರಂಥವನ್ನು ನಂಬಿದ ಮಂತ್ರವಾದಿ, ಮತ್ತು ದೈವವನ್ನು ನಂಬಿ ಕವಚ ತೊಟ್ಟು ಗದೆ ಹಿಡಿದ ಪುರೋಹಿತ, ಎಂದರೆ ಆಟಗಾರರ ಬಾಯಲ್ಲಿ ಇಂದಿಗೂ ‘ಕ್ಲೆರಿಕ್’. ಒಬ್ಬನು ಡಂಜನ್ ಮಾಸ್ಟರ್ ಎನಿಸಿಕೊಂಡು ಕಲ್ಪಿತ ಲೋಕವೊಂದನ್ನು ಬಣ್ಣಿಸುತ್ತ ಹೋಗುವುದು, ಉಳಿದವರು ತಮ್ಮ ತಮ್ಮ ಪಾತ್ರಗಳಾಗಿ ಮಾತನಾಡಿ ಮುಂದಿನ ಕಾರ್ಯವನ್ನು ಹೇಳುವುದು, ಫಲವು ಸಂದೇಹಾಸ್ಪದವಾದೆಡೆ ದಾಳವನ್ನುರುಳಿಸಿ ನಿರ್ಣಯಿಸುವುದು, ಇದು ಆ ಆಟದ ಸ್ಥೂಲ ಸ್ವರೂಪ. ಕಲ್ಪನೆಯ ಕೆಲಸವನ್ನೆಲ್ಲ ಗ್ರಂಥಕರ್ತರಿಗೇ ಬಿಡದೆ ಆಟಗಾರರು ತಮಗೆ ಒಪ್ಪುವಂತೆ ನಿಯಮಗಳನ್ನು ರೂಪಿಸಿಕೊಳ್ಳಬೇಕೆಂದು ಆ ಹೊತ್ತಗೆಗಳ ಕೊನೆಯ ಮಾತಿನಲ್ಲಿಯೇ ಉತ್ತೇಜನವಿತ್ತಾದುದರಿಂದ, ಅಚ್ಚಾದ ನಿಯಮದ ಪಕ್ಕದಲ್ಲಿ ಆಯಾ ಮೇಜಿನದೇ ಆದ ಕಟ್ಟಳೆ, ಎಂದರೆ ‘ಹೌಸ್ ರೂಲ್’ ಎಂದು ಎಲ್ಲರೂ ಕರೆಯುವ ಮನೆನಿಯಮ, ಮೊದಲಿನಿಂದಲೂ ನಡೆದು ಬಂದಿದೆ. ಯೋಧನನ್ನು ಕುರಿತ ಮನೆನಿಯಮಗಳು ಬಹುಮಟ್ಟಿಗೆ ಏಟಿನ ಲೆಕ್ಕಕ್ಕೆ ಸೇರಿದವು, ಮಂತ್ರವಾದಿಯವು ಶಕ್ತಿಯ ಲೆಕ್ಕಕ್ಕೆ. ಪುರೋಹಿತನವು ಮಾತ್ರ ಲೆಕ್ಕವನ್ನು ಮೀರಿ, ಒಬ್ಬನ ಕೈಯಲ್ಲಿ ಕಾಣಿಸಿಕೊಳ್ಳುವ ಶಕ್ತಿಯು ವಸ್ತುತಃ ಇನ್ನೊಬ್ಬರದಾಗಿದ್ದರೆ ಅದನ್ನು ಆಟದಲ್ಲಿ ತೋರಿಸುವ ಬಗೆ ಹೇಗೆ ಎಂಬ ತತ್ತ್ವದ ಪ್ರಶ್ನೆಗೆ ಬಂದು ಮುಟ್ಟುತ್ತವೆ. ಐವತ್ತು ವರ್ಷಗಳಲ್ಲಿ ಈ ಪ್ರಶ್ನೆಗೆ ದೊರೆತಿರುವ ಉತ್ತರಗಳಲ್ಲಿ ಮುಖ್ಯವಾದವನ್ನು ಇಲ್ಲಿ ಪರಾಮರ್ಶಿಸಬೇಕೆಂದಿದ್ದೇನೆ.

ಮೊದಲು ಗಮನಿಸತಕ್ಕ ಸಂಗತಿಯೆಂದರೆ, ಕ್ಲೆರಿಕ್ ಎಂಬ ಪಾತ್ರವೇ ಒಂದು ಮನೆನಿಯಮವಾಗಿ ಹುಟ್ಟಿದುದು. ಆಟವು ಅಚ್ಚಾಗುವುದಕ್ಕೆ ಮುನ್ನ ಮಿನೆಸೋಟಾ ಸಂಸ್ಥಾನದಲ್ಲಿ ಆರ್ನೆಸನ್ ತನ್ನ ಗೆಳೆಯರೊಡನೆ ನಡೆಸುತ್ತಿದ್ದ ‘ಬ್ಲ್ಯಾಕ್‌ಮೂರ್’ ಆಟದಲ್ಲಿ ಸರ್ ಫ್ಯಾಂಗ್ ಎಂಬ ರಕ್ತಪಿಶಾಚಿ, ಅವನೂ ಒಬ್ಬ ಆಟಗಾರನ ಪಾತ್ರವೇ, ತಡೆಯುವವರಿಲ್ಲದಂತೆ ಪ್ರಬಲನಾಗಿ ಬೆಳೆಯಲು, ಹ್ಯಾಮರ್ ಕಂಪನಿಯ ಭಯಾನಕ ಚಿತ್ರಗಳಲ್ಲಿ ಪೀಟರ್ ಕುಶಿಂಗ್ ಅಭಿನಯಿಸಿದ ವ್ಯಾನ್ ಹೆಲ್ಸಿಂಗನನ್ನು ಮಾದರಿಯಾಗಿ ಹಿಡಿದು, ಶಿಲುಬೆಯನ್ನೆತ್ತಿ ಪಿಶಾಚಿಯನ್ನು ಹಿಮ್ಮೆಟ್ಟಿಸಬಲ್ಲ ಪಾದ್ರಿಯೊಬ್ಬನನ್ನು ಅವನಿಗೆದುರಾಗಿ ನಿಲ್ಲಿಸಲಾಯಿತು. ಪ್ರೇತವರ್ಗವನ್ನು ಬೆದರಿಸಿ ಓಡಿಸುವ ಕ್ಲೆರಿಕ್ಕನ ವಿಶೇಷಾಧಿಕಾರಕ್ಕೆ ಮೂಲ ಇದೇ. ಅಲಗುಳ್ಳ ಆಯುಧವನ್ನು ಅವನು ಮುಟ್ಟಬಾರದೆಂಬ ನಿಷೇಧವಾದರೋ ಮಧ್ಯಯುಗದ ಯೂರೋಪಿನ ಕಡೆಗೆ ಕೈತೋರಿಸುತ್ತದೆ. 1066ರ ಹೇಸ್ಟಿಂಗ್ಸ್ ಯುದ್ಧವನ್ನು ಚಿತ್ರಿಸಿದ ಬಯೂ ಕಸೂತಿಪಟದಲ್ಲಿ ಬಿಷಪ್ ಓಡೋ ದೊಣ್ಣೆ ಹಿಡಿದು ಕುದುರೆಯ ಮೇಲೆ ಕುಳಿತಿರುವುದನ್ನು ಕಂಡವರು, ರಕ್ತ ಚೆಲ್ಲಬಾರದ ಧರ್ಮಾಧಿಕಾರಿ ಎಂಬ ಕಲ್ಪನೆಯನ್ನು ಅದರಿಂದ ಬೆಳೆಸಿಕೊಂಡರು. ಕಡಲಿನ ದೇವತೆಯ ಅರ್ಚಕನಿಗೆ ಈಟಿಯೂ ಬೇಟೆಯ ದೇವತೆಯ ಅರ್ಚಕನಿಗೆ ಬಿಲ್ಲೂ ಸಹಜವಲ್ಲವೆ ಎಂಬ ಪ್ರಶ್ನೆ ಏಳುವುದಕ್ಕೆ ಹೆಚ್ಚು ಕಾಲ ಬೇಕಾಗಲಿಲ್ಲ. ಈ ನಿಷೇಧವನ್ನು ಸಡಿಲಿಸುವುದು ಮನೆನಿಯಮಗಳಲ್ಲೆಲ್ಲ ಅತ್ಯಂತ ಸುಲಭವಾದುದು, ಮತ್ತು ಅದರಿಂದ ಯಾರಿಗೂ ಹಾನಿಯಿಲ್ಲ.

ಕಷ್ಟವಿರುವುದು ಮಂತ್ರದ ವಿಷಯದಲ್ಲಿ. ಜ್ಯಾಕ್ ವ್ಯಾನ್ಸ್ 1950ರಲ್ಲಿ ಪ್ರಕಟಿಸಿದ ‘ದ ಡೈಯಿಂಗ್ ಅರ್ಥ್’ ಕಥೆಗಳಲ್ಲಿ ಮಂತ್ರವಾದಿಗಳು ಮಂತ್ರವನ್ನು ಪ್ರಯಾಸದಿಂದ ಚಿತ್ತದಲ್ಲಿ ತುಂಬಿಕೊಂಡು, ಒಮ್ಮೆ ಉಚ್ಚರಿಸಿದೊಡನೆಯೇ ಅದನ್ನು ಮರೆತುಬಿಡುತ್ತಾರಷ್ಟೆ. ಗೈಗ್ಯಾಕ್ಸ್ ಈ ಕ್ರಮವನ್ನು ಆಟದ ಮಂತ್ರವಾದಿಗೆ ಅಳವಡಿಸಿ, ಅದೇ ಅಚ್ಚಿನಲ್ಲಿ ಪುರೋಹಿತನನ್ನೂ ಎರಕ ಹೊಯ್ದನು. ಹೀಗಾಗಿ ದೇವರನ್ನು ಮೊರೆಹೊಗುವ ಭಕ್ತನೂ ಗ್ರಂಥವನ್ನು ಕಂಠಪಾಠ ಮಾಡುವ ವಿದ್ವಾಂಸನೂ ಬೆಳಗಾಗೆದ್ದು ಒಂದೇ ಬಗೆಯಾಗಿ, ಗಾಯ ವಾಸಿಮಾಡುವುದು ಎರಡು, ಬೆಳಕು ಒಂದು ಎಂದು ಪಟ್ಟಿ ಬರೆದಿಟ್ಟುಕೊಂಡು ಹೊರಡುವಂತಾಯಿತು. ನಮ್ಮಲ್ಲಿ ಪೂರ್ವಮೀಮಾಂಸೆಯನ್ನು ಓದಿದವರಿಗೆ ಇದು ಪೂರ್ತಿ ಅಪರಿಚಿತವಾಗಿ ತೋರಲಾರದು: ಯಾಗದ ಫಲವನ್ನು ತರುವುದು ದೇವತೆಯ ಪ್ರಸಾದವಲ್ಲ, ವಿಧ್ಯುಕ್ತವಾದ ಕರ್ಮದಿಂದ ಹುಟ್ಟುವ ‘ಅಪೂರ್ವ’ವೆಂಬುದು ಜೈಮಿನಿಯ ಪರಂಪರೆಯ ಸಿದ್ಧಾಂತ, ಅದರಂತೆ ಕ್ರಮ ತಪ್ಪದೆ ಉಚ್ಚರಿಸಿದ ಮಂತ್ರವು ಫಲಿಸಿಯೇ ತೀರಬೇಕು. ಆದರೆ ಆಟದ ಪುಸ್ತಕಗಳು ಕ್ಲೆರಿಕ್ಕನನ್ನು ಮಾತಿನಲ್ಲಿ ಬಣ್ಣಿಸುವುದು ಭಕ್ತನೆಂದು, ದಾಳದಲ್ಲಿ ನಡೆಸುವುದು ಮೀಮಾಂಸಕನೆಂದು. ಈ ಎರಡರ ನಡುವಣ ಬಿರುಕಿನಲ್ಲಿಯೇ ನಾವು ನೋಡಹೊರಟಿರುವ ಕಟ್ಟಳೆಗಳಲ್ಲಿ ಮುಕ್ಕಾಲು ಪಾಲು ಮೊಳೆತಿವೆ.

ಗೈಗ್ಯಾಕ್ಸನಿಗೆ ಈ ಬಿರುಕು ಕಾಣದೆ ಇರಲಿಲ್ಲ. 1974ರ ನಿಯಮದಲ್ಲಿ ಅನುಭವದ ಮೊದಲನೆಯ ಹಂತದಲ್ಲಿರುವ ಕ್ಲೆರಿಕ್ಕನಿಗೆ ಮಂತ್ರವೇ ಇಲ್ಲ, ಎರಡನೆಯ ಹಂತಕ್ಕೇರಿ ತನ್ನ ನಿಷ್ಠೆಯನ್ನು ತೋರಿದ ಮೇಲೆಯೇ ಮೊದಲ ಮಂತ್ರ, ಎಂದರೆ ಪುರೋಹಿತನ ಪ್ರಾರ್ಥನೆ, ದಕ್ಕುವುದು, 1978ರ ‘ಪ್ಲೇಯರ್ಸ್ ಹ್ಯಾಂಡ್‌ಬುಕ್’ನಲ್ಲಿ ಪಾತ್ರದ ವಿವೇಕವನ್ನಳೆಯುವ ಅಂಕ 13 ಅಥವಾ ಅದಕ್ಕಿಂತ ಹೆಚ್ಚಿದ್ದವನಿಗೆ ಅಧಿಕ ಪ್ರಾರ್ಥನೆಗಳು, 9 ಮಾತ್ರ ಇದ್ದವನಿಗೆ ಪ್ರತಿಯೊಂದು ಪ್ರಾರ್ಥನೆಯೂ ವಿಫಲವಾಗಲು ನೂರಕ್ಕೆ 20ರ ಸಂಭವ, 1979ರ ‘ಡಂಜನ್ ಮಾಸ್ಟರ್ಸ್ ಗೈಡ್’ನಲ್ಲಂತೂ ಇನ್ನೂ ಸ್ಪಷ್ಟವಾಗಿ, ಬಲಕ್ಕೆ ತಕ್ಕಂತೆ ಶ್ರೇಣಿಗಳಾಗಿ ವಿಂಗಡಿಸಿದ ಪ್ರಾರ್ಥನೆಗಳಲ್ಲಿ ಮೊದಲೆರಡು ಶ್ರೇಣಿಯವು ಪುರೋಹಿತನ ಶಿಕ್ಷಣದಿಂದಲೂ ಅನುಭವದಿಂದಲೂ, ಮೂರರಿಂದ ಐದರವರೆಗಿನವು ದೇವತೆಯ ಪರಿಚಾರಕರಿಂದಲೂ, ಆರು ಮತ್ತು ಏಳನೆಯವು ಸಾಕ್ಷಾತ್ ದೇವತೆಯಿಂದಲೂ ಬರುವುವೆಂಬ ವ್ಯವಸ್ಥೆ ಹೇಳಲ್ಪಟ್ಟಿದೆ. ಈ ಮೂರು ಮೆಟ್ಟಿಲಿನ ಕಲ್ಪನೆ ನನಗೆ ಬಹಳ ಮೆಚ್ಚಿಗೆಯಾದುದು. ಅಪರಾಧ ಮಾಡಿದ ಪುರೋಹಿತನಿಗೂ ದೀಪ ಹಚ್ಚುವಷ್ಟು, ಸಣ್ಣ ಗಾಯಕ್ಕೆ ಕೈಯಿಡುವಷ್ಟು ಶಕ್ತಿ ಉಳಿದಿರುತ್ತದೆ, ಅದು ಅವನು ಕಲಿತ ವಿದ್ಯೆ. ಮೃತನನ್ನು ಎಬ್ಬಿಸಬೇಕಾದರೆ ಮಾತ್ರ ಮೇಲಿನವರ ಮುಂದೆ ತಲೆಬಾಗಿ ನಿಲ್ಲಬೇಕಾಗುತ್ತದೆ. ಬಹುಮಂದಿ ಆಟಗಾರರು ಗಮನಿಸದೆ ದಾಟಿಹೋದ ಈ ಪುಟದಿಂದಲೇ ವಿವೇಕಿಗಳಾದ ಕೆಲವು ಡಂಜನ್ ಮಾಸ್ಟರರು ತಮ್ಮ ಕಟ್ಟಳೆಯನ್ನು ಆರಂಭಿಸಿದ್ದಾರೆ.

ಯಾವ ದೇವರ ಪುರೋಹಿತನೇ ಆಗಲಿ, ಯುದ್ಧದೇವತೆಯವನೂ ಧಾನ್ಯದೇವತೆಯವನೂ ಒಂದೇ ಪಟ್ಟಿಯಿಂದ ಪ್ರಾರ್ಥನೆಗಳನ್ನು ಆರಿಸುವುದೇಕೆ ಎಂಬ ಆಕ್ಷೇಪಣೆ ಇನ್ನೊಂದು ದೊಡ್ಡ ಪ್ರವಾಹಕ್ಕೆ ಮೂಲ. 1989ರ ಎರಡನೆಯ ಆವೃತ್ತಿ ಇದಕ್ಕೆ ಕೊಟ್ಟ ಉತ್ತರ ಗಂಭೀರವಾದುದು: ಪ್ರಾರ್ಥನೆಗಳನ್ನೆಲ್ಲ ಹದಿನಾರು ಕ್ಷೇತ್ರಗಳಾಗಿ ಹಂಚಿ, ಸೂರ್ಯ, ಸಸ್ಯ, ಪ್ರಾಣಿ, ಯುದ್ಧ, ಚಿಕಿತ್ಸೆ, ರಕ್ಷಣೆ ಮೊದಲಾದ ಅವುಗಳಲ್ಲಿ ಕೆಲವಕ್ಕೆ ಪೂರ್ಣಾಧಿಕಾರ, ಕೆಲವಕ್ಕೆ ಮೂರನೆಯ ಶ್ರೇಣಿಯವರೆಗಿನ ಅಲ್ಪಾಧಿಕಾರ, ಉಳಿದವಕ್ಕೆ ಅಧಿಕಾರವೇ ಇಲ್ಲವೆಂಬಂತೆ ಆಯಾ ದೇವತೆಯ ಅರ್ಚಕರನ್ನು ಪ್ರತ್ಯೇಕವಾಗಿ ನಿರ್ಮಿಸಿಕೊಳ್ಳಲು ಅದು ದಾರಿ ಮಾಡಿತು. 1991ರ ‘ಟೋಮ್ ಆಫ್ ಮ್ಯಾಜಿಕ್’ ಕಾಲ, ಸಂಖ್ಯೆ, ಚಿಂತನೆ ಎಂಬಂತಹ ಹೊಸ ಕ್ಷೇತ್ರಗಳನ್ನೂ ಸೇರಿಸಿತು. ತತ್ತ್ವದಲ್ಲಿ ಇದು ಸತ್ಯಕ್ಕೆ ಸಮೀಪ, ವ್ಯವಹಾರದಲ್ಲಿಯಾದರೋ ಭಾರ. ಚಿಕಿತ್ಸೆಯಿಲ್ಲದ ಯುದ್ಧಪುರೋಹಿತನನ್ನು ಕರೆದುಕೊಂಡು ಹೊರಟ ತಂಡವು ಮೊದಲ ಸುರಂಗದಲ್ಲಿಯೇ ಕಂಗೆಡುತ್ತಿತ್ತು, ಮತ್ತು ಡಂಜನ್ ಮಾಸ್ಟರನು ತನ್ನ ಲೋಕದ ಹತ್ತು ಹನ್ನೆರಡು ದೇವತೆಗಳಿಗೆ ಈ ಹಂಚಿಕೆಯನ್ನು ಬರೆದು ಮುಗಿಸುವಷ್ಟರಲ್ಲಿ ಆಟಗಾರರ ಉತ್ಸಾಹವೇ ತಣ್ಣಗಾಗುತ್ತಿತ್ತು. 2000ದ ಮೂರನೆಯ ಆವೃತ್ತಿ ಆದುದರಿಂದ ಸಾಮಾನ್ಯ ಪಟ್ಟಿಯನ್ನು ಹಾಗೆಯೇ ಉಳಿಸಿಕೊಂಡು, ದೇವತೆಗೆ ತಕ್ಕ ಎರಡು ‘ಡೊಮೇನ್’ಗಳನ್ನು ಅದರ ಮೇಲೆ ಅಲಂಕಾರವಾಗಿ ಇರಿಸಿತು. ಅನುಕೂಲವೇನೋ ಆಯಿತು, ಆದರೆ ಅರ್ಚಕರು ಮತ್ತೆ ಒಬ್ಬರಂತೆ ಒಬ್ಬರಾದರು.

ಈ ಎರಡಕ್ಕೂ ನಡುವಿನ ಮಾರ್ಗ ಮನೆನಿಯಮದಲ್ಲಿದೆ, ಅದು ಪುಸ್ತಕದ್ದಕ್ಕಿಂತ ಚಿಕ್ಕದೂ ಹೌದು. ನಾನು ನೋಡಿದ ಒಂದು ಮೇಜಿನಲ್ಲಿ ನದೀದೇವತೆಯೊಬ್ಬಳ ಅರ್ಚಕಿಯ ಪಾತ್ರವನ್ನು ವಹಿಸಿದ್ದ ಆಟಗಾರ್ತಿಯೂ ಡಂಜನ್ ಮಾಸ್ಟರನೂ ಕೂಡಿ ಕುಳಿತು, ಸಾಮಾನ್ಯ ಪಟ್ಟಿಯಿಂದ ಬೆಂಕಿಗೆ ಸಂಬಂಧಿಸಿದುದನ್ನೆಲ್ಲ ಹೊಡೆದುಹಾಕಿ, ನೀರನ್ನು ಶುದ್ಧಿಮಾಡುವುದು, ನೀರಿನಲ್ಲಿ ಉಸಿರಾಡುವುದು, ಹೊಳೆ ದಾಟುವ ಕಡವನ್ನು ಕಂಡುಹಿಡಿಯುವುದು ಇವನ್ನು ಒಂದು ಶ್ರೇಣಿ ಕೆಳಗಿಳಿಸಿ ಸುಲಭ ಮಾಡಿ, ಬೇರೆ ಯಾವ ಪುರೋಹಿತನಿಗೂ ಇಲ್ಲದ ಒಂದು ಪ್ರಾರ್ಥನೆಯನ್ನು ಹೊಸದಾಗಿ ಬರೆದರು: ಹರಿಯುವ ನೀರಿನಲ್ಲಿ ಕೈ ಅದ್ದಿ ಕೇಳಿದರೆ, ಆ ದಿನ ಮೇಲ್ದಂಡೆಯಲ್ಲಿ ಯಾರು ದಾಟಿದರೆಂಬುದನ್ನು ನದಿ ಹೇಳುತ್ತದೆ. ನಿಂತ ನೀರಿಗೆ ಈ ಪ್ರಾರ್ಥನೆ ಸಲ್ಲದು. ಇಷ್ಟೇ ಬದಲಾವಣೆ, ಒಂದೇ ಹಾಳೆಯಲ್ಲಿ ಮುಗಿದುದು. ಆದರೆ ಅಂದಿನಿಂದ ತಂಡವು ಊರಿನಿಂದೂರಿಗೆ ಹೋಗುವ ದಾರಿಯನ್ನು ಹೊಳೆಯ ಪಾತ್ರವನ್ನು ನೋಡಿ ನಿಶ್ಚಯಿಸತೊಡಗಿತು, ಮತ್ತು ಕೆರೆಯ ದಡದಲ್ಲಿ ಬೀಡುಬಿಟ್ಟ ರಾತ್ರಿ ಅರ್ಚಕಿಯು ತನ್ನ ದೇವತೆ ಇಲ್ಲಿ ಮೂಕಳೆಂದು ಆತಂಕಪಟ್ಟುದು ಯಾರೂ ಹೇಳಿಕೊಡದೆ ತಾನಾಗಿಯೇ ಬಂದಿತು. ಹದಿನಾರು ಕ್ಷೇತ್ರಗಳ ಕೋಷ್ಟಕಕ್ಕಿಂತ ಇಂತಹ ಒಂದು ಪ್ರಾರ್ಥನೆ ದೇವತೆಯನ್ನು ಹೆಚ್ಚು ಸಮೀಪಕ್ಕೆ ತರುತ್ತದೆಯೆಂಬುದು ನನ್ನ ದೃಢವಾದ ಅಭಿಪ್ರಾಯ.

ಚಿಕಿತ್ಸೆಯ ಪ್ರಶ್ನೆಯನ್ನು ಸಂಗ್ರಹವಾಗಿ ಹೇಳಬಹುದು. ಬೆಳಗ್ಗೆಯೇ ಪಟ್ಟಿ ಬರೆಯಬೇಕಾದ ಕ್ಲೆರಿಕ್ಕನು ಗೆಳೆಯರ ಒತ್ತಾಯಕ್ಕೆ ಇದ್ದ ಸ್ಥಾನಗಳನ್ನೆಲ್ಲ ಗಾಯ ವಾಸಿಮಾಡುವ ಪ್ರಾರ್ಥನೆಗೇ ಮೀಸಲಿಟ್ಟು, ಉಳಿದ ಸುಂದರ ಪ್ರಾರ್ಥನೆಗಳು ಪುಸ್ತಕದಲ್ಲಿಯೇ ಒಣಗುತ್ತಿದ್ದುದರಿಂದ, ಬರೆದುಕೊಂಡ ಯಾವ ಪ್ರಾರ್ಥನೆಯನ್ನಾದರೂ ಅಗತ್ಯ ಬಿದ್ದಾಗ ಚಿಕಿತ್ಸೆಗೆ ಬದಲಾಯಿಸಿಕೊಳ್ಳಬಹುದೆಂಬ ಸೌಲಭ್ಯ ಬಂದಿತು. 2000ದ ಆವೃತ್ತಿ ಅದನ್ನು ಅಚ್ಚಿನ ನಿಯಮವನ್ನಾಗಿಸಿತು. 2008ರ ನಾಲ್ಕನೆಯ ಆವೃತ್ತಿಯಲ್ಲಿ ಒಂದೇ ಸರದಿಯಲ್ಲಿ ಗೆಳೆಯನಿಗೆ ಚಿಕಿತ್ಸೆಯನ್ನೂ ವೈರಿಗೆ ಏಟನ್ನೂ ಕೊಡುವ ಅವಕಾಶವಾಯಿತು. ತಂಡದ ಔಷಧಾಲಯವಾಗಿ ಬೇಸರಗೊಂಡಿದ್ದವರಿಗೆ ಇವೆಲ್ಲ ಬಿಡುಗಡೆ. ಆದರೆ ಸ್ವಸ್ಥತೆ ಇಷ್ಟು ಸುಲಭವಾದ ಮೇಲೆ ಅದನ್ನು ಯಾರೂ ಅನುಗ್ರಹವೆಂದು ಎಣಿಸುವುದಿಲ್ಲ. ಕೆಲವು ಮೇಜುಗಳಲ್ಲಿ ಇದಕ್ಕೆ ಒಂದು ಸಣ್ಣ ಪರಿಹಾರವಿದೆ: ಚಿಕಿತ್ಸೆ ಪಡೆದವನು ಆ ದೇವತೆಯ ಹೆಸರನ್ನು ತನ್ನ ಪಾತ್ರದ ಬಾಯಿಂದ ಹೇಳಿ ಕೃತಜ್ಞತೆ ಸಲ್ಲಿಸಬೇಕು. ದಾಳದ ಮೇಲೆ ಇದರ ಪರಿಣಾಮ ಸೊನ್ನೆ, ಆಟದ ಮೇಲೆ ಬಹಳ.

ದೇವತೆಯು ಕೊಡದಿರುವ ಹಕ್ಕಿನ ವಿಚಾರ ಇನ್ನೂ ಸೂಕ್ಷ್ಮವಾದುದು. ಶಕ್ತಿ ಇನ್ನೊಬ್ಬರದಾದರೆ ಅವರು ಬೇಡವೆನ್ನಲೂಬಹುದಷ್ಟೆ. 1979ರ ಗ್ರಂಥವೇ ಕರ್ತವ್ಯಭ್ರಷ್ಟನಾದ ಪುರೋಹಿತನು ಪ್ರಾಯಶ್ಚಿತ್ತ ಮಾಡಿಕೊಳ್ಳುವವರೆಗೆ ಪ್ರಾರ್ಥನೆಗಳು ತಡೆಹಿಡಿಯಲ್ಪಡಬಹುದೆಂದಿತು. ಆದರೆ ಮೇಜಿನಲ್ಲಿ ದೇವತೆಯಾಗಿ ಮಾತನಾಡುವವನು ಡಂಜನ್ ಮಾಸ್ಟರನೇ ಆದುದರಿಂದ, ಈ ಹಕ್ಕು ಆಟಗಾರನನ್ನು ತನಗೆ ಬೇಕಾದ ದಾರಿಗೆ ಎಳೆಯುವ ಹಗ್ಗವಾಗಿ ಮಾರ್ಪಡುವುದು ಸುಲಭ. ಹೇಳದಿದ್ದ ವ್ರತವನ್ನು ಮುರಿದೆಯೆಂದು ಹೇಳಿ, ಭೀಕರ ಯುದ್ಧದ ನಡುವೆ ಕ್ಲೆರಿಕ್ಕನನ್ನು ಬರಿಗೈ ಮಾಡಿದ ಆಟಗಳು ಕಹಿಯಲ್ಲಿ ಮುಗಿದುದನ್ನು ಬಲ್ಲೆ. ಇದನ್ನು ನಾನು ಖಂಡಿತವಾಗಿ ಅನ್ಯಾಯವೆನ್ನುತ್ತೇನೆ. ಕಾಣದ ದೇವರಿಗೆ ಮುನಿಯುವ ಹಕ್ಕಿದ್ದರೆ, ಎದುರಿಗೆ ಕುಳಿತ ಆಟಗಾರನಿಗೆ ಆ ಮುನಿಸಿನ ಕಾರಣವನ್ನು ಮುಂಚಿತವಾಗಿ ತಿಳಿದಿರುವ ಹಕ್ಕಿದೆ. ಆಟದ ಆರಂಭದಲ್ಲಿಯೇ ಇಬ್ಬರೂ ಒಪ್ಪಿ ಎರಡು ಮೂರು ವ್ರತಗಳನ್ನು ಬರೆದಿಟ್ಟುಕೊಂಡು, ಅವುಗಳಾಚೆಗೆ ದೇವತೆ ಮುನಿಯತಕ್ಕದ್ದಲ್ಲವೆಂಬ ಮನೆನಿಯಮ ಈ ದೃಷ್ಟಿಯಿಂದ ಅತ್ಯಂತ ನ್ಯಾಯವಾದುದು.

ಗುಡ್‌ಮನ್ ಗೇಮ್ಸ್ 2012ರಲ್ಲಿ ಪ್ರಕಟಿಸಿದ ‘ಡಂಜನ್ ಕ್ರಾಲ್ ಕ್ಲಾಸಿಕ್ಸ್’ ಎಂಬ ಬೇರೊಂದು ಆಟವು ಈ ಮುನಿಸನ್ನು ಮನುಷ್ಯನ ಕೈಯಿಂದ ತೆಗೆದು ದಾಳಕ್ಕೆ ಒಪ್ಪಿಸಿತು. ಅಲ್ಲಿ ಪುರೋಹಿತನು ಪ್ರತಿ ಪ್ರಾರ್ಥನೆಗೂ ಇಪ್ಪತ್ತು ಮುಖದ ದಾಳವನ್ನುರುಳಿಸಬೇಕು. ಗೆದ್ದರೆ ಪ್ರಾರ್ಥನೆ ಖರ್ಚಾಗುವುದಿಲ್ಲ, ಮತ್ತೆ ಕೇಳಬಹುದು. ದಿನದ ಆರಂಭದಲ್ಲಿ 1 ಬಿದ್ದರೆ ಮಾತ್ರ ದೇವತೆಗೆ ಅಪ್ರಸನ್ನತೆ. ಒಮ್ಮೆ ಸೋತರೆ ಆ ಅಪಾಯ 1 ಮತ್ತು 2ಕ್ಕೆ, ಇನ್ನೊಮ್ಮೆ ಸೋತರೆ 3ರವರೆಗೆ ಹಬ್ಬುತ್ತದೆ. ತನ್ನ ಪಂಥಕ್ಕೆ ವಿರುದ್ಧನಾದವನ ಗಾಯವನ್ನು ವಾಸಿಮಾಡಿದರೂ ಅದು ಬೆಳೆಯಬಹುದು. ಬೆಲೆಬಾಳುವುದನ್ನು ಕಾಣಿಕೆಯಾಗಿ ಅರ್ಪಿಸಿದರೆ ಇಳಿಯುತ್ತದೆ. ದಿನವು ಮುಂದುವರಿದಂತೆ ಸಂಖ್ಯೆ 5, 6 ಎಂದು ಏರುತ್ತಿರಲು, ಸಾಯುತ್ತ ಬಿದ್ದ ಗೆಳೆಯನ ಪಕ್ಕದಲ್ಲಿ ಮಂಡಿಯೂರಿದ ಪುರೋಹಿತನು ಇನ್ನೊಮ್ಮೆ ಕೇಳಲೋ ಬೇಡವೋ ಎಂದು ತಡೆದು ಯೋಚಿಸುವ ಕ್ಷಣದಲ್ಲಿ, ಬೇಡುವುದೆಂದರೆ ಏನೆಂಬುದು ಆಟಗಾರನ ಬೆರಳಿಗೇ ತಿಳಿಯುತ್ತದೆ. ಬೇರೆ ಆವೃತ್ತಿಗಳನ್ನಾಡುವವರೂ ಈ ಏರುವ ಸಂಖ್ಯೆಯೊಂದನ್ನು ಎರವಲು ತರುವುದು ಸಾಧ್ಯ, ಮತ್ತು ಅದು ಚೆನ್ನಾಗಿ ಹೊಂದುತ್ತದೆ. ಆದರೆ ಖರ್ಚಾಗದ ಪ್ರಾರ್ಥನೆಯೆಂಬ ಅದರ ಜೋಡಿಯನ್ನು ಬಿಟ್ಟು ಮುನಿಸನ್ನು ಮಾತ್ರ ತಂದವರು ಅರ್ಧ ನಿಯಮವನ್ನು ತಂದಂತಾಗುತ್ತದೆ.

1978ರ ‘ರೂನ್‌ಕ್ವೆಸ್ಟ್’ ಎಂಬ ಮತ್ತೊಂದು ಆಟದಲ್ಲಿ ಗ್ರೆಗ್ ಸ್ಟ್ಯಾಫರ್ಡನ ಗ್ಲೊರಾಂಥಾ ಲೋಕವು ಇನ್ನೂ ಆಳಕ್ಕೆ ಹೋಯಿತು: ಅಲ್ಲಿ ಪುರೋಹಿತನೆಂಬ ಪ್ರತ್ಯೇಕ ಪಾತ್ರವರ್ಗವೇ ಇಲ್ಲ, ಎಲ್ಲರೂ ಒಂದಲ್ಲ ಒಂದು ದೇವತೆಯ ಸಮುದಾಯಕ್ಕೆ ಸೇರಿದವರು, ಮತ್ತು ದೈವೀ ಮಂತ್ರವನ್ನು ಪಡೆಯಬೇಕಾದವನು ತನ್ನ ಆತ್ಮಬಲದ ಅಂಶವನ್ನೇ ಶಾಶ್ವತವಾಗಿ ಅರ್ಪಿಸಬೇಕು. ಇದಕ್ಕೆ ವಿರುದ್ಧವಾದ ಕೊನೆಯಲ್ಲಿ ಕೀತ್ ಬೇಕರ್ ರಚಿಸಿದ 2004ರ ‘ಎಬೆರಾನ್’ ಲೋಕ ನಿಂತಿದೆ. ಅಲ್ಲಿ ದೇವತೆಗಳು ದೂರಸ್ಥರು, ಭ್ರಷ್ಟನಾದ ಪುರೋಹಿತನೂ ಶಕ್ತಿಯನ್ನು ಕಳೆದುಕೊಳ್ಳುವುದಿಲ್ಲ, ಏಕೆಂದರೆ ಫಲ ಕೊಡುವುದು ಅವನ ಶ್ರದ್ಧೆಯೇ. ಇಡೀ ಲೋಕಕ್ಕೇ ಒಂದು ಕಟ್ಟಳೆ ಹಾಕಿದ ಉದಾಹರಣೆಗಳೂ ಉಂಟು: 1984ರ ‘ಡ್ರ್ಯಾಗನ್‌ಲ್ಯಾನ್ಸ್’ನಲ್ಲಿ ದೇವತೆಗಳು ತೊರೆದುಹೋಗಿ ಶತಮಾನಗಳ ಕಾಲ ನಿಜವಾದ ಚಿಕಿತ್ಸೆಯೇ ಲೋಕದಲ್ಲಿಲ್ಲ, 1991ರ ‘ಡಾರ್ಕ್ ಸನ್’ನ ಬೆಂದ ಮರುಭೂಮಿಯಲ್ಲಿ ದೇವರಿಲ್ಲದೆ ಪುರೋಹಿತರು ಪಂಚಭೂತಗಳಲ್ಲಿ ನಾಲ್ಕನ್ನು ಮೊರೆಹೊಗುತ್ತಾರೆ.

ಮೃತಸಂಜೀವನದ ಪ್ರಾರ್ಥನೆ ಎಲ್ಲಕ್ಕಿಂತ ದೊಡ್ಡ ಪರೀಕ್ಷೆ. ಹಳೆಯ ನಿಯಮದಲ್ಲಿ ದೇಹದಾರ್ಢ್ಯದ ಅಂಕಕ್ಕೆ ತಕ್ಕ ಸಂಭವವನ್ನು ದಾಳ ಹಾಕಿ ನೋಡುತ್ತಿದ್ದರು. ಮೂರನೆಯ ಆವೃತ್ತಿಯ ಪರಿಷ್ಕರಣದಲ್ಲಿ 5000 ಹೊನ್ನಿನ ವಜ್ರ ಬೇಕಾಯಿತು, 2014ರ ಐದನೆಯದರಲ್ಲಿ 500 ಹೊನ್ನಿನದು ಸಾಕಾಯಿತು. ಸಾವು ಹೀಗೆ ಕ್ರಯದ ವಸ್ತುವಾದುದನ್ನು ಸಹಿಸದ ಅಮೆರಿಕದ ನಟ ಮ್ಯಾಥ್ಯೂ ಮರ್ಸರ್, ತಾನು ನಡೆಸುತ್ತಿದ್ದ ‘ಕ್ರಿಟಿಕಲ್ ರೋಲ್’ ಆಟಕ್ಕೆ ಮಾಡಿಕೊಂಡ ಮನೆನಿಯಮ 2017ರಲ್ಲಿ ಗ್ರಂಥಸ್ಥವೂ ಆಯಿತು. ಮರಳಿ ಕರೆಯುವ ವಿಧಿಯಲ್ಲಿ ಗೆಳೆಯರ ಪೈಕಿ ಮೂವರವರೆಗೆ ಏನನ್ನಾದರೂ ಅರ್ಪಿಸಬಹುದು, ಮಾತಾಗಲಿ ವಸ್ತುವಾಗಲಿ. ಕೊನೆಯ ದಾಳ ಮುಟ್ಟಬೇಕಾದ ಅಂಕ 10ರಿಂದ ಆರಂಭವಾಗಿ, ಹಿಂದೆ ಮರಳಿ ಬಂದ ಪ್ರತಿ ಸಲಕ್ಕೂ ಒಂದೊಂದು ಹೆಚ್ಚುತ್ತದೆ, ಅರ್ಪಣೆ ಫಲಿಸಿದರೆ ಮೂರು ಇಳಿಯುತ್ತದೆ, ಫಲಿಸದಿದ್ದರೆ ಒಂದು ಏರುತ್ತದೆ.

ಈ ನಿಯಮ ನಡೆದ ಒಂದು ಸಂಜೆಯನ್ನು ಹೇಳಬೇಕು. ಸತ್ತವಳು ಬಿಲ್ಲುಗಾರ್ತಿ, ಹಿಂದೊಮ್ಮೆ ಸತ್ತು ಬದುಕಿದವಳಾದುದರಿಂದ ಅಂಕ 11. ಒಬ್ಬನು ಅವಳ ಮುರಿದ ಬಾಣವನ್ನು ಎದೆಯ ಮೇಲಿಟ್ಟು ಅವರಿಬ್ಬರೂ ಮೊದಲು ಭೇಟಿಯಾದ ಸಂತೆಯನ್ನು ನೆನೆದನು, ಫಲಿಸಿತು. ತಂಡದ ಕಳ್ಳನು, ಆಟಗಾರರಿಗೇ ಅಲ್ಲಿಯವರೆಗೆ ತಿಳಿಯದಿದ್ದ ಸಂಗತಿ, ತಾನು ಅವಳ ಚೀಲದಿಂದ ಕದ್ದಿದ್ದ ನಾಣ್ಯಗಳನ್ನು ಒಂದೊಂದಾಗಿ ಅವಳ ಕೈಯಲ್ಲಿಟ್ಟು ಕ್ಷಮೆ ಬೇಡಿದನು, ಅದೂ ಫಲಿಸಿತು. ಅವಳೊಡನೆ ಸದಾ ಜಗಳವಾಡುತ್ತಿದ್ದ ಯೋಧನು ಏನು ಹೇಳಲೂ ತಿಳಿಯದೆ ತೊದಲಿದನು, ದಾಳ ಅವನಿಗೆ ಒಲಿಯಲಿಲ್ಲ. ಉಳಿದ ಅಂಕ 6, ಬಿದ್ದುದು 7. ಪುರೋಹಿತನ ಪ್ರಾರ್ಥನೆ ಇಡೀ ತಂಡದ ಪ್ರಾರ್ಥನೆಯಾಗುವ ಈ ಕ್ರಮಕ್ಕೆ ಸಮನಾದುದನ್ನು ನಾನು ಬೇರೆ ಯಾವ ಪುಸ್ತಕದಲ್ಲಿಯೂ ಕಂಡಿಲ್ಲ.

ನಮ್ಮವರು ಯೋಚಿಸಬೇಕಾದ ಮಾತು ಇನ್ನೊಂದಿದೆ. 1980ರ ‘ಡೈಟೀಸ್ ಅಂಡ್ ಡೆಮಿಗಾಡ್ಸ್’ ಗ್ರಂಥದಲ್ಲಿ ಗ್ರೀಕ್, ಈಜಿಪ್ಷಿಯನ್ ದೇವತೆಗಳ ಸಾಲಿನಲ್ಲಿಯೇ ಇಂದ್ರ, ಅಗ್ನಿ ಮೊದಲಾದವರೂ, ಕಾದಿ ಕೊಲ್ಲಬಹುದಾದವರಂತೆ ಪ್ರಾಣಾಂಕಗಳ, ಎಂದರೆ ಎಷ್ಟು ಏಟು ತಾಳಬಲ್ಲರೆಂಬ ಲೆಕ್ಕದ, ಸಮೇತ ಅಚ್ಚಾಗಿದ್ದಾರೆ. ಜ್ಯೂಸನಿಗೆ ಇಂದು ನಿತ್ಯಪೂಜೆಯ ದೇಗುಲಗಳಿಲ್ಲದಿರಬಹುದು. ನಮ್ಮ ಮನೆಗಳಲ್ಲಿ ಅಗ್ನಿಯನ್ನು ಸಾಕ್ಷಿಯಾಗಿರಿಸಿ ಇಂದಿಗೂ ಮದುವೆಗಳಾಗುತ್ತವೆ. ಜನರು ಕೈಮುಗಿಯುತ್ತಿರುವ ದೇವತೆಗೆ ಪ್ರಾಣಾಂಕವನ್ನು ಬರೆಯದಿರುವುದು, ಅಂತಹ ದೇವತೆಯ ಅರ್ಚಕನ ಪಾತ್ರವನ್ನು ಯಾರಾದರೂ ಬಯಸಿದರೆ ಮೇಜಿನ ಎಲ್ಲರನ್ನೂ ಕೇಳಿ ಒಪ್ಪಿಗೆ ಪಡೆಯುವುದು, ಇಲ್ಲವಾದರೆ ಹೊಸ ದೇವತೆಯೊಂದನ್ನು ಕಲ್ಪಿಸಿಕೊಳ್ಳುವುದು, ಇದನ್ನು ನಾನು ಕನ್ನಡದ ಮನೆಗಳಲ್ಲಿ ಆಡುವವರೆಲ್ಲರಿಗೂ ಆಗ್ರಹಪೂರ್ವಕವಾಗಿ ಸೂಚಿಸುತ್ತೇನೆ.

ಕೊನೆಗೆ ಬೇಡುವ ಕ್ರಿಯೆಗೇ ಮರಳುವುದಾದರೆ, 2014ರ ಆವೃತ್ತಿಯಲ್ಲಿ ಹತ್ತನೆಯ ಹಂತಕ್ಕೇರಿದ ಕ್ಲೆರಿಕ್ಕನು ನೇರವಾಗಿ ದೇವತೆಯ ಮಧ್ಯಪ್ರವೇಶವನ್ನು ಬೇಡಬಹುದಾಗಿತ್ತು; ಶತಾಂಶದ ದಾಳದಲ್ಲಿ ತನ್ನ ಹಂತದಷ್ಟೋ ಅದಕ್ಕಿಂತ ಕಡಮೆಯೋ ಬಿದ್ದರೆ ದೇವತೆ ಓಗೊಡುವುದು, ಎಂದರೆ ನೂರರಲ್ಲಿ ಹತ್ತು ಸಲ; ಒಮ್ಮೆ ಓಗೊಟ್ಟರೆ ಏಳು ದಿನ ಮತ್ತೆ ಕೇಳುವಂತಿಲ್ಲ. 2024ರ ಪರಿಷ್ಕರಣದಲ್ಲಿ ದಾಳ ಹೋಯಿತು. ಐದನೆಯ ಶ್ರೇಣಿಯವರೆಗಿನ ಪ್ರಾರ್ಥನೆಯೊಂದು ಖಚಿತವಾಗಿ ಫಲಿಸುತ್ತದೆ. ನೂರಕ್ಕೆ ತೊಂಬತ್ತು ಸಲ ಮೌನವನ್ನೇ ಪಡೆಯುವ ಆಟಗಾರನ ನಿರಾಶೆ ನನಗೆ ಅರ್ಥವಾಗುತ್ತದೆ. ಆದರೂ ಖಚಿತವಾದುದನ್ನು ಬೇಡುವುದಕ್ಕೆ ಹೃದಯ ಏಳುವುದಿಲ್ಲ. ಹೊಸ ಪುಸ್ತಕಕ್ಕೆ ಹೋಗುವವರೂ ಹಳೆಯ ದಾಳವನ್ನು ಇದೊಂದರ ಮಟ್ಟಿಗೆ ಉಳಿಸಿಕೊಂಡು, ಹಿಂದಿನ ಬೇಡಿಕೆಯಿಂದೀಚೆಗೆ ಪುರೋಹಿತನು ಆ ದೇವತೆಗಾಗಿ ಕಷ್ಟಪಟ್ಟು ಮಾಡಿದ ಪ್ರತಿಯೊಂದು ಕಾರ್ಯಕ್ಕೂ, ಪಾಳುಬಿದ್ದ ಗುಡಿಯನ್ನು ಎತ್ತಿ ನಿಲ್ಲಿಸಿದ್ದಕ್ಕೋ ವ್ರತಕ್ಕಾಗಿ ಗೆಲುವನ್ನು ಬಿಟ್ಟುಕೊಟ್ಟದ್ದಕ್ಕೋ, ಸಂಭವವನ್ನು ಐದೈದು ಅಂಶ ಏರಿಸುತ್ತ ಹೋಗಬಹುದು. ಆ ಕಾರ್ಯಗಳನ್ನು ಬರೆದಿಡುವ ಹಾಳೆ ಡಂಜನ್ ಮಾಸ್ಟರನ ಬಳಿಯಲ್ಲಲ್ಲ, ಆಟಗಾರನ ಬಳಿಯಲ್ಲಿರಬೇಕು.